ಕಾನ್ವೆಂಟ್ ಕೈಯ ಚಾಕೊಲೇಟ್ ಉಂಡೆ

ಸುಳ್ಳು ಎನ್ನುವುದು ಉಪ್ಪಿನಕಾಯಿಯ ಹಾಗೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಟ್ಟುಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಇಟ್ಟವರಿಗೇ ಮರೆತುಹೋಗಿರುತ್ತದೆ. ಆಮೇಲೆ ಒಂದು ದಿನ ಯಾರೋ ಏಣಿ ಹಾಕಿ ಹತ್ತಿ, ಜಾಡಿ ಇಳಿಸಿ, ಎಲೆಯ ಮುಂದೆ ಕೂತು "ಎಲ್ಲಿ, ಬಡಿಸಿ" ಎನ್ನುತ್ತಾರೆ. ನನ್ನ ಜಾಡಿಯನ್ನು ಇಳಿಸಿದವಳು ನನ್ನ ಮಗಳ ಮಗಳು ಸ್ಫೂರ್ತಿ. ಅದೂ ಏಳು ತಿಂಗಳ ಬಸುರಿ. ಬಸುರಿಗೆ ಇಲ್ಲ ಎನ್ನುವ ಧೈರ್ಯ ಎಪ್ಪತ್ತೆರಡರ ಮುದುಕಿಗೆ ಎಲ್ಲಿಂದ ಬರಬೇಕು?

ಆ ಸುಳ್ಳು ಹುಟ್ಟಿದ್ದು ಗುಬ್ಬಿಯಲ್ಲಿ, ನಾನು ಹೊಸ ಸೊಸೆಯಾಗಿ ಹೋದ ವರ್ಷ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನನಗೆ ಬೆನ್ನು ನೇರ ಮಾಡಿ ಕೂರುವುದನ್ನು ಕಲಿಸಿದ್ದರು, ಕರ್ಚೀಫಿನ ಅಂಚಿಗೆ ಹೂವು ಹಾಕುವುದನ್ನು ಕಲಿಸಿದ್ದರು, ಸೀನಿದ ಮೇಲೆ "ಎಕ್ಸ್‌ಕ್ಯೂಸ್ ಮಿ" ಎನ್ನುವುದನ್ನು ಕಲಿಸಿದ್ದರು. ತಂಬಿಟ್ಟಿನ ಉಂಡೆ ಕಟ್ಟುವುದನ್ನು ಮಾತ್ರ ಕಲಿಸಿರಲಿಲ್ಲ. ಗುಬ್ಬಿಯ ಮನೆಯಲ್ಲಿ ಹಬ್ಬ ಬಂತೆಂದರೆ ಹೆಂಗಸರೆಲ್ಲ ದೊಡ್ಡ ಪರಾತದ ಸುತ್ತ ಕೂತು, ಒಂದು ಕಡೆ ಊರಿನ ಸುದ್ದಿ ಉರುಳಿಸುತ್ತ ಇನ್ನೊಂದು ಕಡೆ ಉಂಡೆ ಉರುಳಿಸುತ್ತಿದ್ದರು. ಅವರ ಉಂಡೆಗಳು ಗೋಲಿಯ ಹಾಗೆ ಸಾಲಾಗಿ ಕೂರುತ್ತಿದ್ದವು. ನನ್ನದು ಅಂಗೈ ತೆರೆದ ಕೂಡಲೇ ಪುಡಿಪುಡಿ. ಎರಡು ಸಲ ನೋಡಿದರು ಅತ್ತೆ. ಮೂರನೆಯ ಸಲ ನನ್ನ ಅಂಗೈಯನ್ನು ಕೈ ನೋಡಿ ಶಾಸ್ತ್ರ ಹೇಳುವವರ ಹಾಗೆ ಬೆಳಕಿಗೆ ಹಿಡಿದು, "ಇದು ಕಾನ್ವೆಂಟ್ ಕೈ ಕಣಮ್ಮ. ಪೆನ್ನು ಹಿಡಿಯಕ್ಕೆ ಆಯ್ತದೆ, ಉಂಡೆ ಕಟ್ಟಕ್ಕಾಗಲ್ಲ. ನೀನು ಏಲಕ್ಕಿ ಬುಡಿಸು" ಎಂದರು. ಬೈದದ್ದಲ್ಲ. ಡಾಕ್ಟರು ರೋಗದ ಹೆಸರು ಹೇಳಿದ ಹಾಗೆ ಹೇಳಿದ್ದು.

ನನಗೆ ಅವಮಾನವಾಯಿತು. ಬೆನ್ನು ನೇರ ಮಾಡಿಕೊಂಡು, "ನಮ್ಮ ಕಾನ್ವೆಂಟಿನಲ್ಲಿ ಉಂಡೆ ಹೇಳಿಕೊಡಲಿಲ್ಲ ಅತ್ತೆ. ಪುಡ್ಡಿಂಗು, ಕೇಕು, ಚಾಕೊಲೇಟು ಹೇಳಿಕೊಟ್ಟರು. ಅದೆಲ್ಲ ನನಗೆ ಚೆನ್ನಾಗಿ ಬರುತ್ತೆ" ಎಂದುಬಿಟ್ಟೆ. "ಹಂಗಾದ್ರೆ ಒಂದಿನ ಮಾಡು" ಎಂದರು ಅತ್ತೆ. "ಅದಕ್ಕೆ ಓವನ್ ಬೇಕು" ಎಂದೆ ನಾನು. ಗುಬ್ಬಿಯಲ್ಲಿ ಆಗ ಓವನ್ ಎಲ್ಲಿಂದ ಬರಬೇಕು? ಕೊಬ್ಬರಿ ಒಣಗಿಸುವುದಕ್ಕೆ ಬಿಸಿಲೇ ಸಾಕಾಗಿದ್ದ ಊರು ಅದು.

ಸತ್ಯ ಏನೆಂದರೆ, ಹೋಮ್ ಸೈನ್ಸ್ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಫಿಲೊಮಿನಾ. ಅವಳಿಗೆ ಬರೆಯುವುದೆಂದರೆ ಬೇಸರ, ನನಗೆ ಒಲೆಯೆಂದರೆ ಭಯ. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಅಂಡರ್‌ಸ್ಟ್ಯಾಂಡಿಂಗ್ ಇತ್ತು. ಅವಳು ನನ್ನ ಪಾಲಿನ ಅಡುಗೆಯನ್ನೂ ಮಾಡುತ್ತಿದ್ದಳು, ನಾನು ಅವಳ ಪಾಲಿನದನ್ನೂ ರೆಕಾರ್ಡ್ ಬುಕ್ಕಿನಲ್ಲಿ ಬರೆಯುತ್ತಿದ್ದೆ. ನನ್ನ ಕರ್ಸಿವ್ ಬರಹ ನೋಡಿಯೇ ಸಿಸ್ಟರ್‌ಗೆ ಕೇಕ್ ತಿಂದಷ್ಟು ಸಂತೋಷವಾಗುತ್ತಿತ್ತು. ಫಿಲೊಮಿನಾ ಈಗ ಎಲ್ಲಿದ್ದಾಳೋ. ಅವಳ ಪುಡ್ಡಿಂಗಿನ ಮೇಲೆ ಅಲ್ಲಾಡುತ್ತಿದ್ದ ಕ್ಯಾರಮೆಲ್ಲಿನ ಬಣ್ಣ ಮಾತ್ರ ಇನ್ನೂ ನನ್ನ ಕಣ್ಣಿನಲ್ಲಿದೆ. ಅದನ್ನು ಹೇಗೆ ಮಾಡುತ್ತಿದ್ದಳು ಎಂಬುದು ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಓವನ್ ನನ್ನನ್ನು ಐವತ್ತು ವರ್ಷ ಕಾಪಾಡಿತು. ಗುಬ್ಬಿ ಬಿಟ್ಟು ತುಮಕೂರಿಗೆ, ಶಿರಾ ಗೇಟಿನ ಹತ್ತಿರದ ಈ ಮನೆಗೆ ಬಂದ ಮೇಲೂ "ಓವನ್ ಇಲ್ಲವಲ್ಲ" ಎಂದೆ. ನಮ್ಮ ಯಜಮಾನರು ರಿಟೈರ್ ಆದಾಗ ಓವನ್ ತಂದುಕೊಡುತ್ತೇನೆಂದರು. ಕರೆಂಟ್ ತುಂಬ ತಿನ್ನುತ್ತದೆ ಎಂದು ಹೆದರಿಸಿ ನಿಲ್ಲಿಸಿದೆ. ಸ್ಫೂರ್ತಿ ಚಿಕ್ಕವಳಿದ್ದಾಗ ರಜೆಗೆ ಬಂದರೆ ನನ್ನ ಮಡಿಲಿಗೆ ತಲೆಯಿಟ್ಟು, "ಅಜ್ಜಿ, ಟೆಲ್ ಮಿ ದ ಕೇಕ್ ಸ್ಟೋರಿ" ಎನ್ನುತ್ತಿದ್ದಳು. ಬೇರೆ ಅಜ್ಜಿಯರು ರಾಜಕುಮಾರನ ಕಥೆ ಹೇಳಿದರೆ ನಾನು ಮೂರು ಅಂತಸ್ತಿನ ಕೇಕಿನ ಕಥೆ ಹೇಳುತ್ತಿದ್ದೆ. ನಾನೇ ಬೆಣ್ಣೆ ಕಡೆದೆ, ನಾನೇ ಚಾಕೊಲೇಟ್ ಕರಗಿಸಿದೆ, ಸಿಸ್ಟರ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮಗು ನಂಬಿತು. ಕಥೆ ಕೇಳಿದ ಮಕ್ಕಳು ಮರೆಯುತ್ತಾರೆ ಎಂದುಕೊಂಡವರು ದಡ್ಡರು.

ಈಗ ಆ ಮಗು ಕುಣಿಗಲ್ಲಿನಲ್ಲಿ ಹೈಸ್ಕೂಲ್ ಟೀಚರ್. ಸೀಮಂತಕ್ಕೆ ಒಂದು ವಾರ ಇರುವಾಗ ಫೋನ್ ಮಾಡಿದಳು. "ಅಜ್ಜಿ, ನಂಗೊಂದು ಬಯಕೆ ಆಗಿದೆ" ಎಂದಳು. ಹುಣಸೆಕಾಯಿಯೋ ಹುರಿಗಾಳೋ ಇರಬೇಕೆಂದು "ಹೇಳು ಚಿನ್ನ" ಎಂದೆ. "ವೀಡಿಯೋ ಕಳಿಸಿದೀನಿ ನೋಡು. ಕುಕೀ ಟ್ರಫಲ್ಸ್. ಬಿಸ್ಕತ್ ಪುಡಿ ಮಾಡಿ ಉಂಡೆ ಕಟ್ಟಿ ಚಾಕೊಲೇಟಿನಲ್ಲಿ ಅದ್ದೋದು. ನೀನೇ ನಿನ್ನ ಕೈಯಾರೆ ಮಾಡ್ಕೊಂಡ್ ಬರಬೇಕು." ನನ್ನ ನಾಲಿಗೆ ಅಭ್ಯಾಸಬಲದಿಂದ "ಅಯ್ಯೋ, ಓವನ್..." ಎನ್ನುವಷ್ಟರಲ್ಲಿ ಅವಳು ನಕ್ಕಳು. "ನೋ ಬೇಕ್ ಅಜ್ಜಿ, ನೋ ಬೇಕ್. ಓವನ್ ಬೇಕಾಗೇ ಇಲ್ಲ. ಈ ಸಲ ನೀನು ಎಸ್ಕೇಪ್ ಆಗಕ್ಕಾಗಲ್ಲ ಕಣೇ. ನಮ್ಮತ್ತೆ ಕಡೆಯವರಿಗೆಲ್ಲ ಹೇಳ್ಬಿಟ್ಟಿದೀನಿ, ನಮ್ಮಜ್ಜಿ ಕಾನ್ವೆಂಟಲ್ಲಿ ಕಲಿತವ್ಳು ಅಂತ."

ಜಗತ್ತು ಎಷ್ಟು ಮುಂದುವರಿದಿದೆ ನೋಡಿ. ಬೇಯಿಸದೆ ತಿಂಡಿ ಮಾಡುವುದನ್ನು ಕಂಡುಹಿಡಿದಿದ್ದಾರೆ, ಒಬ್ಬ ಮುದುಕಿಯ ನೆಪ ಹಾಳಾಗುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ.

ಬೇಕರಿಯಿಂದ ತಂದು ನಮ್ಮ ಡಬ್ಬಿಗೆ ಹಾಕಿಬಿಡೋಣ ಎಂದರು ಯಜಮಾನರು. ನನಗೂ ಆಸೆಯಾಯಿತು. ಆದರೆ ಬಸುರಿಯ ಬಯಕೆಗೆ ಮೋಸ ಮಾಡಿದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನಾನು ಸೈನ್ಸ್ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಮುಂದೆ ಆ ಮಗುವಿಗೆ ಒಂದು ಸಣ್ಣ ಇಯರ್ ಇನ್ಫೆಕ್ಷನ್ ಆದರೂ ನಾನು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ಆ ಉಂಡೆಗಳು ನಿಲ್ಲದಿದ್ದರೆ ಸ್ಫೂರ್ತಿಯ ಬಾಲ್ಯದ ಮೂರು ಅಂತಸ್ತಿನ ಕೇಕು ಒಂದೇ ಸಲಕ್ಕೆ ಕುಸಿದು ಬೀಳುತ್ತಿತ್ತು. ಅವಳ ಪಾಲಿಗೆ ನಾನು ಅದೇ ಕೇಕಿನ ಅಜ್ಜಿ. ಅದಿಲ್ಲದಿದ್ದರೆ ಏಲಕ್ಕಿ ಬಿಡಿಸುವ ಅಜ್ಜಿ.

ಶನಿವಾರ ಬೆಳಿಗ್ಗೆ ಶಿರಾ ಗೇಟಿನ ದೊಡ್ಡ ಅಂಗಡಿಗೆ ಹೋಗಿ ಕ್ರೀಮ್ ಚೀಸ್ ಕೇಳಿದೆ. ಅಂಗಡಿಯವನು ಮೂವತ್ತರ ಆಸುಪಾಸಿನವನು, ಒಂದು ಕಿವಿಯಲ್ಲಿ ಫೋನು. "ಕ್ರೀಮ್ ಬೇಕಾ, ಚೀಸ್ ಬೇಕಾ ಅಜ್ಜಿ, ಒಂದು ಹೇಳಿ" ಎಂದ. "ಎರಡೂ ಸೇರಿ ಒಂದೇ ವಸ್ತುವಪ್ಪ." "ಎರಡೂ ತಗೊಂಡೋಗಿ ಮನೇಲಿ ಸೇರಿಸ್ಕೊಳಿ." ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಅದರ ಗುಣಲಕ್ಷಣ ವಿವರಿಸಿದೆ. ಅವನು ಫೋನ್ ಕಿವಿಯಿಂದ ತೆಗೆದು ಗೌರವದಿಂದ ಕೇಳಿಸಿಕೊಂಡ. ಆಮೇಲೆ ಫ್ರೀಜರಿನೊಳಗೆ ಅರ್ಧ ದೇಹ ಇಳಿಸಿ, ಬಟಾಣಿ ಚೀಲಗಳನ್ನೆಲ್ಲ ಸರಿಸಿ, ಒಂದು ಬಿಳಿ ಡಬ್ಬಿ ತೆಗೆದು, "ಇದಾ? ಇದನ್ನ ಕೇಳಿದ್ದು ನೀವೇ ಮೊದಲು. ಯಾಕ್ ತರಿಸಿದ್ದೀವಿ ಅಂತ ನಮಗೇ ಗೊತ್ತಿರಲಿಲ್ಲ" ಎಂದ. ನನಗೆ ವಿಪರೀತ ಖುಷಿಯಾಯಿತು. ಡಬ್ಬಿಯನ್ನು ಬಹುಮಾನದ ಕಪ್ಪಿನ ಹಾಗೆ ಎದೆಗವಚಿಕೊಂಡು ಮನೆಗೆ ನಡೆದೆ. ಸಿಗ್ನಲಿನಲ್ಲಿ ಆಟೋದವರಿಗೆಲ್ಲ ಕಾಣಲಿ ಎಂದು ಸ್ವಲ್ಪ ಮೇಲೆಯೇ ಹಿಡಿದಿದ್ದೆ.

ಯಜಮಾನರಿಗೆ ಎರಡು ಕೆಲಸ ವಹಿಸಿದೆ. ಒಂದು, ಭೂತಗನ್ನಡಿ ಹಿಡಿದು ಬಿಸ್ಕತ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡುವುದು. ನಮ್ಮದು ಲಿಂಗಪೂಜೆಯ ಮನೆತನ, ಮೊಟ್ಟೆ ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಎತ್ತುವುದಿಲ್ಲ. ಎರಡು, ಬಿಸ್ಕತ್ತನ್ನು ಕವರಿಗೆ ಹಾಕಿ ಲಟ್ಟಣಿಗೆಯಿಂದ ಕುಟ್ಟುವುದು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಮನಸ್ಸಿನಲ್ಲಿಟ್ಟುಕೊಂಡದ್ದನ್ನೆಲ್ಲ ಆ ಬಿಸ್ಕತ್ತಿನ ಮೇಲೆ ತೀರಿಸಿಕೊಂಡರೆಂದು ಕಾಣುತ್ತದೆ, ಪುಡಿ ವಿಭೂತಿಯಷ್ಟು ನುಣ್ಣಗಾಯಿತು. ಅದಕ್ಕೆ ಚೀಸ್ ಹಾಕಿ ಕಲಸಿದೆ. ಉಸಿರು ಬಿಗಿಹಿಡಿದು ಒಂದು ಹಿಡಿ ತೆಗೆದುಕೊಂಡು ಉರುಳಿಸಿದೆ. ಅಂಗೈ ತೆರೆದೆ.

ಉಂಡೆ ಒಡೆದಿರಲಿಲ್ಲ. ದುಂಡಗಿತ್ತು ಎನ್ನಲಾರೆ, ಆಲೂಗಡ್ಡೆಯ ದೂರದ ನೆಂಟನ ಹಾಗಿತ್ತು, ಆದರೆ ಒಂದೇ ತುಂಡಾಗಿತ್ತು. ನಾನು ಯಜಮಾನರನ್ನು ಕೂಗಿದೆ. ಅವರು ಗಾಬರಿಯಿಂದ ಬಂದು, "ಎಲ್ಲಿ ಬಿದ್ದೆ?" ಎಂದರು. "ಬಿದ್ದಿಲ್ಲ. ಉಂಡೆ ನೋಡಿ, ಇದೂ ಬಿದ್ದಿಲ್ಲ." ಅವರು ಕನ್ನಡಕ ಸರಿಮಾಡಿಕೊಂಡು ಸುತ್ತ ತಿರುಗಿ ನೋಡಿ, "ಪರವಾಗಿಲ್ಲ, ಗಟ್ಟಿ ಇದೆ" ಎಂದರು. ಎರಡು ತಟ್ಟೆ ತುಂಬ ಉಂಡೆ ಕಟ್ಟಿ ಫ್ರೀಜರಿಗಿಟ್ಟು, ಅಡುಗೆಮನೆಯಲ್ಲಿ ನಾನೊಬ್ಬಳೇ ಕಾನ್ವೆಂಟಿನ ಡ್ರಿಲ್ಲಿನ ಎರಡು ಹೆಜ್ಜೆ ಹಾಕಿದೆ. ಮಂಡಿ ಸದ್ದು ಮಾಡಿತು. ಇರಲಿ, ಅದೂ ತಾಳ.

ಚಾಕೊಲೇಟ್ ಕರಗಿಸುವುದೊಂದೇ ಬಾಕಿ. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ವೀಡಿಯೋದ ಹೆಂಗಸು ಬೆರಳೆತ್ತಿ ಎಚ್ಚರಿಕೆ ಕೊಟ್ಟಿದ್ದಳು. ಅದನ್ನು ಯಜಮಾನರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವಳೂ ನಾನೇ: "ಒಂದು ತೊಟ್ಟು ನೀರು ಬಿದ್ದರೂ ಚಾಕೊಲೇಟ್ ಕೆಟ್ಟುಹೋಗುತ್ತಂತೆ. ನೀವು ಈ ಕಡೆ ಬರಲೇಬೇಡಿ." ಚಾಕೊಲೇಟ್ ಕರಗಿ, ಹೊಳೆದು, ರೇಷ್ಮೆಯ ಹಾಗೆ ಚಮಚದಿಂದ ಇಳಿಯತೊಡಗಿತು. ಅದೇ ಹೊತ್ತಿಗೆ ಬಾಗಿಲಲ್ಲಿ ನನ್ನ ನಾದಿನಿ ಮಂಗಳ.

ಮಂಗಳ ಯಜಮಾನರ ತಂಗಿ. ಗುಬ್ಬಿಯಲ್ಲೇ ಹುಟ್ಟಿ, ಗುಬ್ಬಿಯಲ್ಲೇ ಮದುವೆಯಾಗಿ, ಅತ್ತೆಯ ಕೈಯನ್ನು ಯಥಾವತ್ತಾಗಿ ಪಡೆದವಳು. ಅವಳು ಕಟ್ಟಿದ ತಂಬಿಟ್ಟನ್ನು ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು. ನಮ್ಮ ಜೊತೆ ಕುಣಿಗಲ್ಲಿಗೆ ಬರಲೆಂದು ಒಂದು ಬ್ಯಾಗಿನಲ್ಲಿ ಸೀರೆ, ಇನ್ನೊಂದರಲ್ಲಿ ಕೊಬ್ಬರಿ ಹೊತ್ತು ಬಂದಿದ್ದಳು. ಕೈಕಾಲು ತೊಳೆದು ಅಡುಗೆಮನೆಗೆ ಬಂದು ಪಾತ್ರೆಯೊಳಗೆ ಇಣುಕಿದಳು.

"ಇದೇನತ್ತಿಗೆ, ಡಾಂಬರು ಕಾಯಿಸ್ತಿದೀರಾ?"

"ಚಾಕೊಲೇಟ್ ಕಣೇ. ಟ್ರಫಲ್ಲಿಗೆ."

"ಪಾಕ ನೋಡಿದ್ರಾ?"

ಇಲ್ಲೇ ನನ್ನ ಕಥೆ ಮುಗಿದದ್ದು. ನಮ್ಮ ಕಡೆ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ನೋಡುವುದಕ್ಕೆ ಒಲೆಯ ಪಕ್ಕ ಒಂದು ಬಟ್ಟಲು ನೀರಿಡುತ್ತಾರೆ. ಬೆರಳು ಅದ್ದಿಕೊಂಡು ಪಾಕ ಮುಟ್ಟಿ ಉರುಳಿಸಿದರೆ ಎಳೆ ಬಂತೋ, ಉಂಡೆ ಬಂತೋ ತಿಳಿಯುತ್ತದೆ. ಅತ್ತೆಯ ಮನೆಯಲ್ಲಿ ಪಾಕ ನೋಡುವ ಅಧಿಕಾರ ಹಿರಿಯ ಹೆಂಗಸಿನದು. ನನ್ನನ್ನು ಯಾರೂ ಯಾವತ್ತೂ ಆ ಪ್ರಶ್ನೆ ಕೇಳಿರಲಿಲ್ಲ. ಮಂಗಳ ನನ್ನನ್ನು ಪಾಕ ನೋಡಿದಿರಾ ಎಂದು ಕೇಳಿದ ಗೌರವಕ್ಕೆ ನನ್ನ ತಲೆ ತಿರುಗಿತು. "ಓಹೋ, ಆಗಲೇ ನೋಡಿದೆ, ಇನ್ನೊಂದ್ಸಲ ನೋಡ್ತೀನಿ" ಎಂದು ಗತ್ತಿನಿಂದ ನಲ್ಲಿಯ ಕೆಳಗೆ ಕೈ ಹಿಡಿದು, ನೀರು ತೊಟ್ಟಿಕ್ಕುತ್ತಿದ್ದ ಮೂರು ಬೆರಳನ್ನು ಚಾಕೊಲೇಟಿಗೆ ಅದ್ದಿ, ಚಮಚದಿಂದ ಒಂದು ಸುತ್ತು ತಿರುಗಿಸಿಯೂಬಿಟ್ಟೆ.

ರೇಷ್ಮೆ ನನ್ನ ಕಣ್ಣೆದುರೇ ಗೋಣಿಯಾಯಿತು. ಹೊಳಪು ಹೋಯಿತು, ಮರಳು ಮರಳಾಯಿತು, ಕೊನೆಗೆ ಇಡೀ ಚಾಕೊಲೇಟ್ ಚಮಚಕ್ಕೆ ಮುದ್ದೆಯಾಗಿ ಅಂಟಿ ಪಾತ್ರೆಯ ಸಮೇತ ಮೇಲೆದ್ದಿತು. ಮಂಗಳ ಮೆಚ್ಚುಗೆಯಿಂದ ತಲೆದೂಗಿದಳು. "ಚೆನ್ನಾಗಿ ಬಂತಲ್ಲ ಅತ್ತಿಗೆ ಪಾಕ. ಇಳಿಸ್ಬುಡಿ, ಇನ್ನೂ ಬುಟ್ರೆ ಕಲ್ಲಾಯ್ತದೆ."

ಬಾಗಿಲ ಆಚೆಯಿಂದ ಯಜಮಾನರು, "ಒಂದು ತೊಟ್ಟು ನೀರು ಬಿದ್ದರೂ ಕೆಟ್ಟುಹೋಗುತ್ತೆ ಅಂದಿದ್ದೆಯಲ್ಲ" ಎಂದರು. ಕೆಲವು ಗಂಡಸರಿಗೆ ವರ್ಷಕ್ಕೊಮ್ಮೆ ಮಾತ್ರ ನೆನಪಿನ ಶಕ್ತಿ ಬರುತ್ತದೆ, ಅದೂ ತಪ್ಪು ದಿನ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಇನ್ನೊಂದು ಸುಳ್ಳು ಹೇಳಬಹುದಿತ್ತು, ಇದು ಫ್ರೆಂಚ್ ವಿಧಾನ ಎನ್ನಬಹುದಿತ್ತು. ಏಕೋ ನಾಲಿಗೆ ಏಳಲಿಲ್ಲ. "ಮಂಗಳ, ನಂಗೆ ಇದು ಬರಲ್ಲ ಕಣೇ. ಕೇಕೂ ಬರಲ್ಲ, ಪುಡ್ಡಿಂಗೂ ಬರಲ್ಲ. ಯಾವತ್ತೂ ಬರ್ತಿರಲಿಲ್ಲ" ಎಂದೆ. ಐವತ್ತು ವರ್ಷದ ಜಾಡಿ ಒಡೆದದ್ದಕ್ಕೆ ಏನಾದರೂ ಸದ್ದು ಬರಬೇಕಲ್ಲ ಎಂದು ಕಾದೆ.

"ಗೊತ್ತು ಬುಡಿ" ಎಂದಳು ಮಂಗಳ, ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತ.

"ಗೊತ್ತಾ? ಯಾವಾಗಿಂದ?"

"ನೀವು ಹೊಸದಾಗಿ ಬಂದಾಗ, ನಾನಿನ್ನೂ ಲಂಗ ಹಾಕ್ತಿದ್ದೆ. ನನ್ನ ಕೈಲಿ ಗುಟ್ಟಾಗಿ ಅಂಗ್ಡಿಯಿಂದ ಚಾಕ್ಲೇಟ್ ತರಿಸ್ಕೊಂಡು ಹಿತ್ತಲಲ್ಲಿ ನಿಂತ್ಕೊಂಡು ತಿಂತಿದ್ರಲ್ಲ. ಮಾಡಕ್ ಬರೋರು ತರಿಸ್ಕೊತಾರಾ ಅತ್ತಿಗೆ?"

ಅವಳು ಚಮಚದ ಮುದ್ದೆಯನ್ನು ಮೂಸಿ ನೋಡುತ್ತ ಮುಂದುವರಿಸಿದಳು. "ಅಮ್ಮಂಗೂ ಗೊತ್ತಿತ್ತು. ನಾನು ಎಲ್ಲರ ಮುಂದೆ ಹೇಳಕ್ಕೆ ಹೋದ್ರೆ ತೊಡೆ ಚಿವುಟಿದ್ಲು. 'ಸುಮ್ಕಿರು, ಉಂಡೆ ಕಟ್ಟಕ್ ಬರ್ದೋಳಿಗೆ ಹೇಳ್ಕೊಳಕ್ಕೆ ಒಂದು ಮಾತಾದ್ರೂ ಬೇಡ್ವಾ' ಅಂದ್ಲು."

ಅತ್ತೆ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರು ನನ್ನ ಸುಳ್ಳನ್ನು ನಂಬಿದ್ದಾರೆಂದು ನಾನು ನಂಬಿದ್ದೆ, ನಂಬಿದ ಹಾಗೆ ನಟಿಸಿ ಅವರೇ ನನ್ನನ್ನು ನಂಬಿಸಿದ್ದರು. ಆ ಮನೆಗೆ ನಗುವುದಕ್ಕೆ ಎಷ್ಟು ಸಾಮಗ್ರಿ ಒದಗಿಸಿದ್ದೆನೋ. ಒಬ್ಬರೂ ನನ್ನ ಮುಂದೆ ನಕ್ಕಿರಲಿಲ್ಲ. ಒಂದು ನಿಮಿಷ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. "ಆವಿ" ಎಂದೆ. "ಹೂಂ, ಆವಿ" ಎಂದಳು ಮಂಗಳ.

ಆಮೇಲೆ ಅವಳು ನನ್ನ ಅಡುಗೆಮನೆಯನ್ನು ತೆಕ್ಕೆಗೆ ತೆಗೆದುಕೊಂಡಳು. ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕಿ ಮುದ್ದೆಯನ್ನು ಮಿದ್ದಳು, ಒಂದಿಷ್ಟು ತುಪ್ಪ ಬಿಟ್ಟಳು, ಮತ್ತೆ ಮಿದ್ದಳು. ಗೋಣಿಗೆ ನಿಧಾನವಾಗಿ ಹೊಳಪು ಬಂತು. ರೇಷ್ಮೆಯಾಗಲಿಲ್ಲ, ಒಬ್ಬಟ್ಟಿನ ಕಣಕದ ಹದಕ್ಕೆ ಬಂದು ನಿಂತಿತು. "ಇದರಲ್ಲಿ ಅದ್ದಕ್ಕಾಗಲ್ವಲ್ಲೇ" ಎಂದೆ. "ಅದ್ದೋದ್ಯಾಕೆ? ನಿಮ್ಮುಂಡೆ ಹೂರಣ, ಇದು ಕಣಕ. ಒಳಗಿಟ್ಟು ಮುಚ್ಚಿದ್ರಾಯ್ತು" ಎಂದು, ಅಂಗೈಗೆ ತುಪ್ಪ ಸವರಿ, ಚಾಕೊಲೇಟನ್ನು ಬಿಲ್ಲೆಯ ಹಾಗೆ ತಟ್ಟಿ, ಫ್ರೀಜರಿನಿಂದ ತೆಗೆದ ನನ್ನ ಆಲೂಗಡ್ಡೆಯನ್ನು ನಡುವೆ ಕೂರಿಸಿ, ಸುತ್ತಲೂ ಎಳೆದು ಮುಚ್ಚಿ, ಎರಡು ಸಲ ಉರುಳಿಸಿ, ತುರಿದ ಕೊಬ್ಬರಿಯಲ್ಲಿ ಹೊರಳಿಸಿ ತಟ್ಟೆಗಿಟ್ಟಳು. ಗೋಲಿಯ ಹಾಗೆ ಕೂತಿತು. ವೀಡಿಯೋದ ಹೆಂಗಸಿನ ಟ್ರಫಲ್ಲಿಗಿಂತ ದುಂಡಗೆ.

ನಾನು ಅಭ್ಯಾಸದಂತೆ ದೂರ ಸರಿದು ಏಲಕ್ಕಿ ಡಬ್ಬಿಗೆ ಕೈ ಹಾಕಿದೆ. "ಎಲ್ಲೋಗ್ತೀರಿ, ಬನ್ನಿ ಇಲ್ಲಿ" ಎಂದು ಮಂಗಳ ನನ್ನ ಅಂಗೈಗೂ ತುಪ್ಪ ಸವರಿದಳು. ಇಬ್ಬರೂ ತಟ್ಟೆಯ ಎರಡು ಕಡೆ ನೆಲದ ಮೇಲೆ ಕೂತೆವು. ಗುಬ್ಬಿಯ ಸುದ್ದಿಯೆಲ್ಲ ಉರುಳಿತು. ಯಾರ ಮನೆಯ ಸೊಸೆ ಯಾರ ಜೊತೆ ಮಾತು ಬಿಟ್ಟಳು, ಯಾರು ಎಪ್ಪತ್ತಕ್ಕೆ ಸ್ಕೂಟರ್ ಕಲಿಯುತ್ತಿದ್ದಾರೆ. ನಾವು ನಕ್ಕು ನಕ್ಕು ಒರಗಿದಾಗ ಯಜಮಾನರು ಎರಡು ಸಲ ಬಂದು ಇಣುಕಿ ಹೋದರು. ನನ್ನ ಉಂಡೆಗಳಿಗೆ ಬೆರಳಿನ ಗುರುತು, ಮೂಲೆ, ಒಂದೊಂದಕ್ಕೆ ಮೂಗೂ ಇತ್ತು. ಆದರೆ ಎಲ್ಲವೂ ನಿಂತವು.

ಭಾನುವಾರ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗುವಾಗ ಬಿಸಿಲು ಸೀಟನ್ನೇ ಬೇಯಿಸುತ್ತಿತ್ತು. ವೀಡಿಯೋದ ಪ್ರಕಾರ ಅದ್ದಿದ ಚಾಕೊಲೇಟಾಗಿದ್ದರೆ ಕುಣಿಗಲ್ ಕೆರೆಯ ಏರಿ ಕಾಣುವ ಹೊತ್ತಿಗೆ ಡಬ್ಬಿಯಲ್ಲಿ ಪಾಯಸ ಇರುತ್ತಿತ್ತು. ಮಂಗಳನ ಕಣಕ ಕೊಬ್ಬರಿಯ ಅಂಗಿ ತೊಟ್ಟು ತಣ್ಣಗೆ ಕೂತಿತ್ತು. ಸೀಮಂತದ ತಟ್ಟೆಗಳಲ್ಲಿ ಚಿಗಳಿ, ತಂಬಿಟ್ಟು, ಚಕ್ಕುಲಿಗಳ ನಡುವೆ ನಮ್ಮ ಡಬ್ಬಿಯನ್ನೂ ಇಟ್ಟರು. ಹಸಿರು ಬಳೆ ತೊಟ್ಟ ಸ್ಫೂರ್ತಿ ದುಂಡನೆಯವನ್ನೆಲ್ಲ ಬಿಟ್ಟು, ತಡಕಾಡಿ, ಮೂಗಿದ್ದ ಒಂದನ್ನು ಎತ್ತಿಕೊಂಡಳು.

"ಇದು ಅಜ್ಜೀದು" ಎಂದಳು.

"ಹೇಗೆ ಗೊತ್ತಾಯ್ತೇ?"

"ಇದೊಂದೇ ಮೊಟ್ಟೆ ಥರ ಇದೆ."

ಲಿಂಗ ಕಟ್ಟಿದ ಅಷ್ಟು ಜನ ಹಿರಿಯ ಹೆಂಗಸರ ನಡುವೆ ಆ ಶಬ್ದ ಬಿದ್ದು, ಒಂದು ಕ್ಷಣ ಆರತಿಯ ಬತ್ತಿಯೂ ಅಲ್ಲಾಡಲಿಲ್ಲ. ಯಜಮಾನರು ಜೇಬಿನಿಂದ ಬಿಸ್ಕತ್ ಪೊಟ್ಟಣದ ತುಂಡು ತೆಗೆದು, "ಹಸಿರು ಚುಕ್ಕೆ ಇದೆ, ನೋಡಬಹುದು" ಎಂದು ಎಲ್ಲರಿಗೂ ತೋರಿಸಿದರು. ಅದನ್ನು ಜೋಪಾನವಾಗಿ ಕತ್ತರಿಸಿ ತಂದಿದ್ದರು. ಅಷ್ಟರಲ್ಲಿ ಸ್ಫೂರ್ತಿ ಕಚ್ಚಿದ್ದಳು. ಕಣ್ಣು ಮುಚ್ಚಿದಳು, ಥೇಟ್ ನನ್ನ ಕಥೆಯ ಸಿಸ್ಟರಿನ ಹಾಗೆ. ನಾನು ಆ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತ ನಿಂತೆ. ಮಗುವಿನ ಎರಡೂ ಕಿವಿ ಉಳಿದವು.

ಸ್ಫೂರ್ತಿಯ ಅತ್ತೆ ಒಂದು ತಿಂದು, ಇನ್ನೊಂದು ತೆಗೆದುಕೊಂಡು, "ಭಾಳ ಚೆನ್ನಾಗವೆ. ಯಾರು ಮಾಡಿದ್ದು?" ಎಂದರು. ನಾನು ನಿಜ ಹೇಳಲು ಬಾಯಿ ತೆರೆದೆ. ಮಂಗಳ ನನಗಿಂತ ಮೊದಲೇ, "ನಮ್ಮತ್ತಿಗೆ. ಕಾನ್ವೆಂಟಲ್ಲಿ ಕಲ್ತವ್ರು. ಇದೆಲ್ಲ ಅವ್ರಿಗೆ ನೀರು ಕುಡಿದಂಗೆ" ಎಂದಳು. ನೀರು ಎನ್ನುವಾಗ ನನ್ನ ಕಡೆ ನೋಡಲೂ ಇಲ್ಲ. ಥೇಟ್ ಅವಳಮ್ಮನ ಮಗಳು.

"ಹಂಗಾದ್ರೆ ಬರೆದುಕೊಡಿ" ಎಂದು ಅವರು ಪೆನ್ನು, ಹಾಳೆ ತಂದರು. ಬರೆಯುವುದೆಂದರೆ ನನಗೆ ಹಿಂಜರಿಕೆಯೇ ಇಲ್ಲ. ಬೆನ್ನು ನೇರ ಮಾಡಿ ಕೂತು, ರೆಕಾರ್ಡ್ ಬುಕ್ಕಿನ ಅದೇ ಅಕ್ಷರದಲ್ಲಿ ಬರೆದೆ. ಬಿಸ್ಕತ್ ಪುಡಿ ಮಾಡಿ, ಚೀಸ್ ಕಲಸಿ, ಉಂಡೆ ಕಟ್ಟಿ, ಚಾಕೊಲೇಟ್ ಕರಗಿಸಿ. ಅಲ್ಲಿ ಪೆನ್ನು ನಿಂತಿತು. ಐವತ್ತು ವರ್ಷದಲ್ಲಿ ನಾನು ಬರೆದ ಮೊದಲ ಪ್ರಾಮಾಣಿಕ ರೆಸಿಪಿ ಇದಾಗಲಿ ಎಂದುಕೊಂಡು ಮುಂದಿನ ಸಾಲು ಬರೆದೆ: ಈಗ ಬೆರಳನ್ನು ನೀರಿನಲ್ಲಿ ಅದ್ದಿ ಚಾಕೊಲೇಟನ್ನು ಕೆಡಿಸಿ, ಗುಬ್ಬಿಯಿಂದ ಬಂದ ನಾದಿನಿಯ ಕೈಗೆ ಕೊಡಿ.

ಅವರು ಎರಡು ಸಲ ಓದಿದರು. "ನಾದಿನಿ ಇಲ್ದೋರು ಏನ್ ಮಾಡ್ಬೇಕು?"

"ಅವರು ಪುಡ್ಡಿಂಗ್ ಮಾಡ್ಕೋಬಹುದು" ಎಂದೆ, ನನಗೇ ತಿಳಿಯದ ಹಾಗೆ.

"ಅದೂ ಬರ್ತದಾ ನಿಮಗೆ?"

ನನ್ನ ಬೆನ್ನು ತಾನಾಗಿಯೇ ನೇರವಾಯಿತು, ಬಾಯಿ ತೆರೆಯಿತು. ಮಂಗಳ ಡಬ್ಬಿಗೆ ಕೈ ಹಾಕಿ, ಸಿಕ್ಕಿದ್ದೊಂದನ್ನು ತೆಗೆದು, ಇಡಿಯಾಗಿ ನನ್ನ ಬಾಯಿಗೆ ತುರುಕಿದಳು. ಎರಡು ನಿಮಿಷ ನನಗೆ ಯಾವ ಸುಳ್ಳನ್ನೂ ಹೇಳಲಾಗಲಿಲ್ಲ. ಅದು ನಾನು ಕಟ್ಟಿದ್ದೇ ಇರಬೇಕು, ಮೂಗು ನಾಲಿಗೆಗೆ ಚುಚ್ಚುತ್ತಿತ್ತು. ಹಲ್ಲು ತಾಗುವವರೆಗೂ ಒಡೆಯಲಿಲ್ಲ.